ಮಡಿಲಕ್ಕಿ ಹೊತ್ತ ಸೈಕಲ್ಲು

ಕೊರಟಗೆರೆಯ ಲೋಹಿತಾಗೆ ಸೈಕಲ್ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಅದು ಗಂಡ ನಾಗಭೂಷಣನಿಗೂ ಅಂಟಿತು. ಶನಿವಾರ ಬಂತೆಂದರೆ ಇಬ್ಬರೂ ಹೆಲ್ಮೆಟ್ಟು, ಬಿಗಿ ಪ್ಯಾಂಟು ಏರಿಸಿಕೊಂಡು ಹೊರಡುವುದು, ಬೀದಿಯವರು ಬಾಗಿಲಿಗೆ ಬಂದು ನೋಡುವುದು. ನೋಡಿ ನೋಡಿ ಬೀದಿಯವರು ಸುಮ್ಮನಾದರು. ಸುಮ್ಮನಾಗದವನು ಒಬ್ಬನೇ, ಬರಗೂರಿನ ಅವಳ ಅಣ್ಣ ಪ್ರಭುದೇವ್.

"ಈ ಸಲ ಮಧುಗಿರಿ, ಪಾವಗಡ ಸುತ್ಕೊಂಡು ಭಾನುವಾರ ನಿಮ್ಮನೆಗೆ ಬತ್ತೀವಿ ಕಣಣ್ಣ, ಸೈಕಲ್ನಾಗೆ," ಎಂದು ಅವಳು ಫೋನಿನಲ್ಲಿ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ.

"ನೀನಾ? ಅರ್ಧ ದಾರೀಲಿ ಯಾವ್ದಾರ ಆಟೋ ಹತ್ಕೊಂಡು ಬತ್ತೀಯ. ಹಂಗೇನಾರ ಬಂದ್ರೆ ಆ ಸೈಕಲ್ನ ನಮ್ಮ ಅಟ್ಟಕ್ಕೆ ಏರಿಸ್ಬುಡ್ತೀನಿ. ಆಮೇಲೆ ಕೇಳಂಗಿಲ್ಲ."

"ಪೂರ್ತಿ ತುಳ್ಕೊಂಡೇ ಬಂದ್ರೆ?"

"ನಾನೇ ಒಲೆ ಮುಂದೆ ನಿಂತು ಹೋಳಿಗೆ ಮಾಡಿ ಬಡಿಸ್ತೀನಿ, ಹೋಗು!"

ನೀರು ಕಾಯಿಸಲೂ ಬಾರದ ಗಂಡಸಿನ ಮಾತು ಇದು. ತನ್ನ ಹಸಿರು ಸೈಕಲ್ಲು ಅಟ್ಟದ ಮೇಲೆ ಧೂಳು ತಿನ್ನುವುದನ್ನು ನೆನೆಯಲೂ ಲೋಹಿತಾಗೆ ಆಗಲಿಲ್ಲ. ಆದರೂ ಹಟಕ್ಕೆ ಬಿದ್ದು ಸರಿ ಅಂದುಬಿಟ್ಟಳು.

ಶನಿವಾರ ಮಧುಗಿರಿ ಮುಟ್ಟುವವರೆಗೆ ಸೈಕಲ್ಲು ಹೂವಿನಂತೆ ಹೋಯಿತು. ಬೆಟ್ಟದ ಬೋಳು ತಲೆ ಕಂಡದ್ದೇ ಲೋಹಿತಾ ಹ್ಯಾಂಡಲ್ ಬಿಟ್ಟು ಎರಡೂ ಕೈ ಮೇಲೆತ್ತಿ ಕೂಗಿದಳು. ಹಿಂದೆ ಬರುತ್ತಿದ್ದ ನಾಗಭೂಷಣ ಹೆದರಿ ತಾನೇ ಬ್ರೇಕು ಹಿಡಿದ. ಊರೊಳಗೆ ನಿಲ್ಲದೆ ದಾಟಿಬಿಡೋಣ ಎಂದುಕೊಂಡಿದ್ದರು. ಆದರೆ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಚಿಕ್ಕಮ್ಮ ಸರೋಜಮ್ಮ ರಸ್ತೆಗೇ ಅಡ್ಡ ನಿಂತಿದ್ದರು.

"ನಮ್ಮನೆ ಮುಂದ್ಲಿಂದ್ಲೇ ಕಳ್ಳರಂಗೆ ಹೋಗ್ತೀಯೇನೇ? ಬನ್ನಿ ಅಳಿಯಂದ್ರೇ, ಒಳಿಕ್ಕೆ ಬನ್ನಿ."

ತಿಂಡಿಯಾಯಿತು, ಕಾಫಿಯಾಯಿತು. ಏಳುವಾಗ ಚಿಕ್ಕಮ್ಮ ಮೊರ ಹಿಡಿದು ಬಂದರು. ಅಕ್ಕಿ, ಬೆಲ್ಲದ ಅಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ. ಮನೆಮಗಳನ್ನು ಮಡಿಲು ತುಂಬದೆ ಕಳಿಸುವುದುಂಟೇ? ಜೊತೆಗೆ, ಯಾಕೋ ಏನೋ, ಒಂದು ಪೊಟ್ಟಣ ಕಡಲೆಬೇಳೆ ಬೇರೆ.

"ಎಲ್ಲೇ ನಿನ್ನ ಮಡಿಲು? ಈ ಪ್ಯಾಂಟಿಗೆ ಸೆರಗಿಲ್ವಲ್ಲೇ!" ಎಂದು ಒದ್ದಾಡಿ, ಕೊನೆಗೆ ತಮ್ಮದೇ ಒಂದು ಸೀರೆಯನ್ನು ಅವಳ ಸೊಂಟಕ್ಕೆ ಸುತ್ತಿ ಮಡಿಲು ಮಾಡಿದರು. ಹೆಲ್ಮೆಟ್ಟನ್ನು ಹಿಂದಕ್ಕೆ ಸರಿಸಿ ಕುಂಕುಮ ಇಟ್ಟರು. ಮೂಲೆಯಲ್ಲಿ ನಿಂತ ನಾಗಭೂಷಣನಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

"ನನ್ನ ಗಾಡಿಗೆ ಕಟ್ಕೋತೀನಿ, ಕೊಡಿ ಅತ್ತೆ," ಎಂದ ಅವನು.

"ಅವಳ ಮಡಿಲಿಂದು ಅವಳೇ ಹೊರ್ಬೇಕು. ದಾರೀಲಿ ಇಳಿಸ್ಬಾರ್ದು, ಬಿಸಾಕ್ಬಾರ್ದು. ತಿಳೀತಾ?"

ಲೋಹಿತಾ ಸೀರೆ ಬಿಚ್ಚಿಟ್ಟು, ಎಲ್ಲವನ್ನೂ ಚೀಲಕ್ಕೆ ತುಂಬಿ ತನ್ನ ಕ್ಯಾರಿಯರಿಗೆ ಬಿಗಿದಳು. ಮಧುಗಿರಿ ದಾಟಿ ಹೋದರೆ ಹಳ್ಳಿಯೊಂದರ ಅರಳಿಕಟ್ಟೆಯಲ್ಲಿ ದೊಡ್ಡಮ್ಮ ತಟ್ಟೆ ಹಿಡಿದು ಕೂತಿದ್ದಳು. ಅಲ್ಲೂ ಅಕ್ಕಿ, ಬೆಲ್ಲ, ಕಾಯಿ, ಕಡಲೆಬೇಳೆ. ಸಂಜೆ ಪಾವಗಡದಲ್ಲಿ ತಂಗಿದ್ದು ದೊಡ್ಡಮ್ಮನ ಮಗಳು ಚೈತ್ರಳ ಮನೆಯಲ್ಲಿ. ಬೆಳಿಗ್ಗೆ ಅಲ್ಲಿಯೂ ಮೊರ ಹೊರಬಂತು.

"ಸಾಕು ಕಣಕ್ಕ, ಕ್ಯಾರಿಯರ್ ಮುರೀತದೆ!"

"ನಾನೇನ್ ಮಾಡ್ಲೇ? ‘ನನ್ನ ತಂಗೀನ ಬರಿ ಮಡಿಲಲ್ಲಿ ಕಳಿಸ್ಬ್ಯಾಡ್ರಿ, ಧಾರಾಳವಾಗಿ ಹಾಕ್ರಿ, ಕಡಲೆಬೇಳೆನೂ ಇರ್ಲಿ’ ಅಂತ ಪ್ರಭು ಎಲ್ರಿಗೂ ಫೋನ್ ಮಾಡವ್ನೆ. ಎಷ್ಟು ಪ್ರೀತಿ ನಿನ್ನ ಮ್ಯಾಲೆ!"

ಲೋಹಿತಾಗೆ ಮೈಯೆಲ್ಲ ಉರಿಯಿತು. ಮರುಗಳಿಗೆಗೆ ನಗುವೂ ಬಂತು. ಎಂಥ ಕಿಲಾಡಿ! ತವರಿನ ಹೆಂಗಸರನ್ನೇ ಅವಳ ಮೇಲೆ ಛೂ ಬಿಟ್ಟಿದ್ದಾನೆ.

ಪಾವಗಡದಿಂದ ಮುಂದೆ ರಸ್ತೆ ಒಮ್ಮೆ ಆಂಧ್ರಕ್ಕೆ ನುಗ್ಗುತ್ತದೆ, ಒಮ್ಮೆ ಕರ್ನಾಟಕಕ್ಕೆ ಮರಳುತ್ತದೆ. ಬಿಸಿಲೇನೋ ಎರಡೂ ಕಡೆ ಒಂದೇ. ದಿಣ್ಣೆಯೊಂದನ್ನು ಹತ್ತುವಾಗ ಮುಂದಿನ ಚಕ್ರ ವಾಲಾಡಿತು, ತೊಡೆ ನಡುಗಿತು. ದಿಣ್ಣೆಯ ತಲೆಯ ಮೇಲೊಂದು ಟೀ ಅಂಗಡಿ ಇತ್ತು. ಅಲ್ಲಿ ಇಳಿದವಳು ಮತ್ತೆ ಏರುತ್ತೇನೆಂಬ ಧೈರ್ಯವಿಲ್ಲದೆ ಬೆಂಚಿನ ಮೇಲೆ ಕುಸಿದಳು. ಅಷ್ಟರಲ್ಲಿ ಶಿರಾದ ಒಂದು ಲಗೇಜ್ ಆಟೋ ಎದುರಿಗೆ ಬಂದು ನಿಂತಿತು.

"ಪ್ರಭಣ್ಣ ಕಳಿಸಿದ್ರು ಆಪಾ. ಹತ್ತಿ, ಇಲ್ಲಾಂದ್ರೆ ಬರೀ ಲಗೇಜಾದ್ರೂ ಹಾಕಿ. ಲಗೇಜ್ ಹತ್ತಿದ್ರೂ ನೀವು ಸೋತಂಗೇ ಅಂತ ಹೇಳಿದ್ದಾರೆ," ಎಂದ ಡ್ರೈವರು ಪಾಪ, ಒಂದಕ್ಷರ ಬಿಡದೆ.

ಟೀ ತಂದ ಅಂಗಡಿಯಾಕೆ, ಹೆಸರು ಓಬಕ್ಕ, ಉಬ್ಬಿದ ಚೀಲಗಳನ್ನು ತಟ್ಟಿ ನೋಡಿ, ತೆಲುಗು ಬೆರೆಸಿ ಕೇಳಿದಳು. "ಏಂ ತಲ್ಲೀ, ಅಕ್ಕಿ ಯಾಪಾರ ಇಕ್ಕೊಂಡಿದೀಯಾ?"

ಲೋಹಿತಾ ಕತೆಯೆಲ್ಲ ಹೇಳಿದಳು. ಓಬಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, "ಪುಣ್ಯವಂತೆ ಬುಡಮ್ಮ," ಎಂದಳು. "ನಮ್ಮವ್ವ ಸತ್ತಾಗ್ಲಿಂದ ನನ್ ಮಡ್ಲಿಗೆ ಒಂದ್ ಹಿಡಿ ಅಕ್ಕಿ ಹಾಕ್ದೋರಿಲ್ಲ."

ಲೋಹಿತಾಗೆ ತಟ್ಟನೆ ತನ್ನವ್ವನ ನೆನಪಾಯಿತು. ತನಗೆ ಬಂದ ಮಡಿಲಕ್ಕಿಯನ್ನು ಅವ್ವ ಎಷ್ಟೋ ಸಲ ಪಕ್ಕದ ಮನೆಯ ಹೆಣ್ಣಿನ ಮಡಿಲಿಗೆ ತುಂಬುತ್ತಿದ್ದಳು. ಇಳಿಸಬಾರದು, ಬಿಸಾಡಬಾರದು, ಸರಿ. ತುಂಬಬಾರದು ಅಂತ ಯಾರು ಹೇಳಿದರು?

"ಓಬಕ್ಕ, ಸೆರಗೊಡ್ಡು!"

ಉಪಾಯವೆಂದೇ ಶುರು ಮಾಡಿದ್ದಳು, ಸುಳ್ಳು ಹೇಳಬಾರದು. ಆದರೆ ಓಬಕ್ಕ ಕೈ ತೊಳೆದು ಬಂದು, ಮೂಡಲಿಗೆ ಮುಖ ಮಾಡಿ ನಿಂತು, ಎರಡೂ ಕೈಯಲ್ಲಿ ಸೆರಗು ಹಿಡಿದಾಗ ಲೋಹಿತಾ ತಾನೂ ಹೋಗಿ ಕೈ ತೊಳೆದು ಬಂದಳು. ಅಕ್ಕಿಯನ್ನೆಲ್ಲ ಬೊಗಸೆ ಬೊಗಸೆಯಾಗಿ ಸುರಿದಳು. ಕಾಯಿ, ಬೆಲ್ಲ, ಕಣ ಇಟ್ಟಳು. ಭಾರಕ್ಕೆ ಓಬಕ್ಕ ವಾಲಿದಾಗ ನಾಗಭೂಷಣ, ಡ್ರೈವರು ಇಬ್ಬರೂ ಓಡಿ ಬಂದು ಹಿಡಿದರು. ನಾಲ್ವರೂ ಹುಚ್ಚು ಹಿಡಿದವರಂತೆ ನಕ್ಕರು. ಒಂದಷ್ಟು ಬೆಲ್ಲ, ಎರಡು ಕಾಯಿ, ಕಡಲೆಬೇಳೆಯನ್ನು ಮಾತ್ರ ಲೋಹಿತಾ ಉಳಿಸಿಕೊಂಡಳು. ಯಾಕೆಂದು ಗಂಡನಿಗೂ ಹೇಳಲಿಲ್ಲ.

ಹೊರಡುವಾಗ ಓಬಕ್ಕ ಹುರಿದ ಕಡಲೆಕಾಯಿ ತಂದು ಅವಳ ಅಂಗಿಯ ಬೆನ್ನ ಜೇಬಿಗೆ ತುರುಕಿದಳು. "ಮನೆಮಗಳು ನೀನು. ಬರಿಗೈಲಿ ಎಂಗ್ ಕಳಿಸ್ಲಿ?"

ಆಮೇಲಿನದು ತುಳಿದದ್ದಲ್ಲ, ಹಾರಿದ್ದು. ಇಳಿಜಾರಿನಲ್ಲಿ ಗಂಡ ಹೆಂಡತಿ ಪೈಪೋಟಿಗೆ ಬಿದ್ದರು. ಖಾಲಿ ಆಟೋ ಹಾರ್ನು ಹೊಡೆಯುತ್ತ ಮೆರವಣಿಗೆಯಂತೆ ಹಿಂದೆ ಬಂತು. ಬರಗೂರಿನಲ್ಲಿ ಅಟ್ಟಕ್ಕೆ ಏಣಿ ಒರಗಿಸಿಟ್ಟು ಮನೆ ಮುಂದೆ ಕಾಯುತ್ತಿದ್ದ ಪ್ರಭುದೇವ್ ಬಾಯಿ ಬಿಟ್ಟ.

"ಶಾಬಾಷ್ ಆಪಾ!" ಎಂದು ಡ್ರೈವರು ಕೂಗಿದ.

ಲೋಹಿತಾ ಅಣ್ಣನ ಹೆಗಲ ಟವೆಲ್ಲನ್ನೇ ಎಳೆದು ಹಾಸಿ ಬೇಳೆ, ಬೆಲ್ಲ, ಕಾಯಿ ಸುರಿದಳು. "ಹೋಳಿಗೆಗೆ ಬೇಕಾದ್ದೆಲ್ಲ ಊರೂರಿಂದ ಕಳಿಸಿದೀಯಲ್ಲಣ್ಣ. ಮೈದಾ ಒಂದು ನೀನೇ ತಂದ್ಬುಡು."

ಮೊದಲ ಹೋಳಿಗೆ ಹೆಂಚಿಗೇ ಅಂಟಿತು, ಎರಡನೆಯದು ಕರಿದಾಯಿತು. ಹೊಗೆಗೆ ಕಣ್ಣೀರು ಸುರಿಸುತ್ತ ಪ್ರಭುದೇವ್ ತಂಗಿಯ ಬೆನ್ನ ಜೇಬಿನ ಕಡಲೆಕಾಯಿಗೆ ಕೈ ಹಾಕಿದ. ಅವಳು ಫಟ್ಟನೆ ಹೊಡೆದಳು.

"ಅದನ್ನ ಮುಟ್ಬ್ಯಾಡ. ನನ್ನ ತವರಿಂದು."

"ಮತ್ತೆ ಇದೇನೇ? ಇದು ತವರಲ್ವಾ?"

"ಇದೂ ಹೌದು. ಗಡಿ ಹತ್ರ ಇನ್ನೊಂದೈತೆ, ಟೀ ಅಂಗಡಿ." ಓಬಕ್ಕನ ಕತೆ ಹೇಳಿದಳು. ಅಣ್ಣ ಸಟ್ಟುಗ ಹಿಡಿದೇ ಕೇಳಿದ. ಅವ್ವನ ಮಾತು ಬಂದಾಗ ತಲೆ ತಗ್ಗಿಸಿದ. ಆಮೇಲೆ ಇನ್ನೆರಡು ಉಂಡೆ ಹಿಟ್ಟು ಮುರಿದ.

"ಇವು ಆ ಅಕ್ಕನಿಗೆ. ನಾಳೆ ನಾನೇ ಕೊಟ್ಟು ಬತ್ತೀನಿ."

"ಹೆಂಗೆ ಹೋಗ್ತೀಯ?"

ಪ್ರಭುದೇವ್ ಅಂಗಳದ ಹಸಿರು ಸೈಕಲ್ಲನ್ನು ನೋಡಿದ, ತಂಗಿಯನ್ನು ನೋಡಿದ. ಲೋಹಿತಾ ತನ್ನ ಹೆಲ್ಮೆಟ್ಟು ತೆಗೆದು ಅವನ ತಲೆಗಿಟ್ಟು ಪಟ್ಟಿ ಬಿಗಿದಳು.