ದಪ್ಪ ತಂತಿಯ ಲಾಡ್ಲೆಸಾಬ

ಆಳಂದದ ಬ್ಯಾಂಡ್ ಕಂಪನಿಯಲ್ಲಿ ಲಾಡ್ಲೆಸಾಬನಷ್ಟು ಭಾರ ಹೊತ್ತವರು ಯಾರೂ ಇರಲಿಲ್ಲ. ಉಳಿದವರ ಕೈಯಲ್ಲಿ ಕ್ಲಾರಿನೆಟ್ಟು, ತುತ್ತೂರಿ. ಅವನ ಹೆಗಲ ಮೇಲೆ ಮಾತ್ರ ಹೆಬ್ಬಾವಿನಂತೆ ಮೈ ಸುತ್ತಿ ಬಂದು ತಲೆಯ ಮೇಲೆ ಬಾಯಿ ತೆರೆದು ನಿಂತ ಹಿತ್ತಾಳೆಯ ದೊಡ್ಡ ವಾದ್ಯ. ಊರವರು ಅದನ್ನು ಭೋಂಗಾ ಅನ್ನುತ್ತಿದ್ದರು. ಹಾಡಿನ ರಾಗ ಅದರಲ್ಲಿ ಬರುತ್ತಿರಲಿಲ್ಲ; ಭೋಂ ಭೋಂ ಎಂದು ತಳದ ಸ್ವರವಷ್ಟೇ. ಮೆರವಣಿಗೆಯಲ್ಲಿ ಜನ ಕುಣಿಯುತ್ತಿದ್ದುದು ಕ್ಲಾರಿನೆಟ್ಟಿನವನ ಮುಂದೆ. ಲಾಡ್ಲೆಸಾಬನ ಪಕ್ಕದಲ್ಲಿರುತ್ತಿದ್ದವರು ಗ್ಯಾಸಬತ್ತಿ ಹೊತ್ತ ಹೆಂಗಸರು. ಅದಕ್ಕೆ ಅವನಿಗೇನೂ ಬೇಸರವಿರಲಿಲ್ಲ. "ನಾ ನಿಂತ್ರ ಕುಣಿಯವ್ರ ಕಾಲೂ ನಿಂದರ್ತಾವ" ಎಂದು ಹೆಂಡತಿ ನಜಮುನ್ನಿಸಾಗೆ ಹೇಳುತ್ತಿದ್ದ. ಆಕೆ ನಂಬುತ್ತಿರಲಿಲ್ಲ.

ತೊಂಬತ್ತನೆಯ ಇಸವಿಯ ಬೇಸಿಗೆ. ಲಾಡ್ಲೆಸಾಬನಿಗೆ ಆಗ ನಲವತ್ತಾರು. ನಿಂಬರ್ಗಾದ ಒಂದು ಮದುವೆಯಲ್ಲಿ ಮದುಮಗನ ಕುದುರೆ ಪಟಾಕಿಗೆ ಬೆದರಿ ಹಿಂದಕ್ಕೆ ಸರಿಯಿತು. ಕುದುರೆಯ ಹಿಂಭಾಗ ಭೋಂಗಾಕ್ಕೆ ಬಡಿಯಿತು, ಭೋಂಗಾ ಲಾಡ್ಲೆಸಾಬನ ಬಾಯಿಗೆ ಬಡಿಯಿತು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅಲ್ಲೇ ಧೂಳಿನಲ್ಲಿ ಬಿದ್ದವು. ನಜಮುನ್ನಿಸಾ ಮೊದಲು ಅತ್ತಳು. ಆಮೇಲೆ, ಗಂಡ ಗಂಜಿ ಕುಡಿದು ಎದ್ದು ಕೂತ ಮೇಲೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಕುದುರಿ ಒದ್ದಿದ್ರ ಒಂದ್ ಮಾತು. ಅದು ಬರೇ ಹಿಂದ ಸರೀತು, ನೀವು ಎರಡು ಹಲ್ಲು ಕೊಟ್ಟು ಬಂದ್ರಿ!"

ಗಾಯ ಮಾಯಿತು. ಭೋಂಗಾ ಮಾತ್ರ ಮಾತಾಡಲಿಲ್ಲ. ಊದಿದರೆ ಹಲ್ಲಿನ ಸಂದಿಯಿಂದ ಗಾಳಿ ಫುಸ್ಸೆಂದು ಹೋಗುತ್ತಿತ್ತು. ಹದಿನೆಂಟನೆಯ ವಯಸ್ಸಿನಿಂದ ಊದಿದ ಬಾಯಿ ಅದು. ಲಾಡ್ಲೆಸಾಬ ವಾದ್ಯವನ್ನು ಒರೆಸಿ ಕಂಪನಿಗೆ ಒಪ್ಪಿಸಿ ಬಂದ. ಹೊತ್ತು ಹೋಗದೆ ದಿನವೂ ಬಜಾರಿನಲ್ಲಿ ವಿಠ್ಠಲನ ರೇಡಿಯೋ ರಿಪೇರಿ ಅಂಗಡಿಗೆ ಹೋಗಿ ಕೂರತೊಡಗಿದ.

ವಿಠ್ಠಲನಿಗೆ ಆ ವರ್ಷ ಆರ್ಕೆಸ್ಟ್ರಾದ ಹುಚ್ಚು ಹತ್ತಿತ್ತು. ಸೊಲ್ಲಾಪುರದಲ್ಲಿ ಮುಚ್ಚಿಹೋದ ಒಂದು ಆರ್ಕೆಸ್ಟ್ರಾದ ಸಾಮಾನೆಲ್ಲ ತಂದು ಅಂಗಡಿಯಲ್ಲಿ ಒಟ್ಟಿದ್ದ. ಕೀಬೋರ್ಡು ತನಗೆಂದು ಇಟ್ಟುಕೊಂಡ. ಡ್ರಮ್ಮಿನ ಹಿಂದೆ ಟೈರ್ ಅಂಗಡಿಯ ಚಾಂದಪಾಶಾ ಕೂತ. ಆರು ತಂತಿಯ ಗಿಟಾರನ್ನು ಪೋಸ್ಟ್ ಆಫೀಸಿನ ಶ್ರೀನಿವಾಸ ಮೊದಲ ದಿನವೇ ಹೆಗಲಿಗೆ ಹಾಕಿಕೊಂಡು ಕನ್ನಡಿ ಹುಡುಕಿದ. ಹಾಡಲಿಕ್ಕೆ ಕನ್ಯಾಶಾಲೆಯ ಟೀಚರ್ ಪ್ರಮಿಲಾ ಒಪ್ಪಿದಳು. ಉಳಿದದ್ದು ನಾಲ್ಕು ದಪ್ಪ ತಂತಿಯ ಇನ್ನೊಂದು ಗಿಟಾರು. ಅದನ್ನು ಯಾರೂ ಮುಟ್ಟಲಿಲ್ಲ. ಅದರಲ್ಲಿ ಹಾಡೇ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು.

"ಚಾಚಾ, ಇದನ್ನ ನೀವು ಹಿಡೀರಿ" ಎಂದ ವಿಠ್ಠಲ.

"ನಂಗ ಯಾಕೋ? ನಂದು ಬಾಯಿ ಕೆಲಸ, ಕೈ ಕೆಲಸ ಅಲ್ಲ."

"ಭೋಂಗಾದಾಗ ಏನ್ ಊದ್ತಿದ್ರಿ, ಅದನ್ನ ಇದ್ರಾಗ ಬಾರಸ್ರಿ. ಅಷ್ಟ."

ವಿಠ್ಠಲ ವೈರು ಸಿಕ್ಕಿಸಿ ದೊಡ್ಡ ಸ್ಪೀಕರ್ ಪೆಟ್ಟಿಗೆಯ ಗುಂಡಿ ತಿರುವಿದ. ಲಾಡ್ಲೆಸಾಬ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಹೆಬ್ಬೆರಳಿನಿಂದ ಒಮ್ಮೆ ಮೀಟಿದ. ಮೇಜಿನ ಮೇಲಿನ ಸ್ಕ್ರೂಗಳು ಗಿರ್ರನೆ ಕುಣಿದವು. ಬಿಚ್ಚಿಟ್ಟ ಒಂದು ಟ್ರಾನ್ಸಿಸ್ಟರಿನ ಹಿಂಬದಿಯ ಮುಚ್ಚಳ ಕೆಳಗೆ ಬಿತ್ತು. ಇಷ್ಟು ವರ್ಷ ತನ್ನ ಹೊಟ್ಟೆಯೊಳಗೆ ವಾಸವಾಗಿದ್ದ ಸದ್ದು ಎದುರಿನ ಪೆಟ್ಟಿಗೆಯಿಂದ ಬಂದದ್ದನ್ನು ಕೇಳಿ ಲಾಡ್ಲೆಸಾಬ ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನೂ ಮರೆತು ನಕ್ಕ. ಹಲ್ಲು ಹೋದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು.

ಕಲಿಸುವವರು ಯಾರೂ ಇರಲಿಲ್ಲ. ರೇಡಿಯೋದಲ್ಲಿ ಹಾಡು ಬಂದರೆ ಅದರ ತಳದಲ್ಲಿ ಏನು ನಡೆದಿದೆಯೆಂದು ಕಿವಿಗೊಟ್ಟು, ಆ ಸ್ವರವನ್ನು ಭೋಂಗಾದಲ್ಲಿ ಹೇಗೆ ಊದುತ್ತಿದ್ದೆ ಎಂದು ನೆನೆದು, ಆಮೇಲೆ ಅದು ಯಾವ ತಂತಿಯಲ್ಲಿದೆ ಎಂದು ಹುಡುಕುವುದು. ಬೆರಳ ತುದಿಯಲ್ಲಿ ಗುಳ್ಳೆ ಎದ್ದವು, ಒಡೆದವು, ಗಟ್ಟಿಯಾದವು. ಗಿಟಾರನ್ನು ಮನೆಗೂ ಒಯ್ಯುತ್ತಿದ್ದ, ಅಲ್ಲಿ ಸ್ಪೀಕರ್ ಪೆಟ್ಟಿಗೆ ಇರಲಿಲ್ಲ. ಬರೀ ತಂತಿ ಟಿಣ್ ಟಿಣ್ ಎನ್ನುತ್ತಿತ್ತು. "ಇಷ್ಟ್ ದೊಡ್ಡ ಬಾಜಾ, ಸದ್ದು ನೋಡಿದ್ರ ಸೊಳ್ಳಿಗಿಂತ ಕಡಿಮಿ" ಎಂದು ನಜಮುನ್ನಿಸಾ ನಗುತ್ತಿದ್ದಳು. ಲಾಡ್ಲೆಸಾಬ ಗದ್ದವನ್ನು ಗಿಟಾರಿನ ಕಟ್ಟಿಗೆಗೆ ಒತ್ತಿ ಹಿಡಿಯುತ್ತಿದ್ದ. ಆಗ ಎಲುಬಿನೊಳಗೆ ಅವನಿಗೆ ಬೇಕಾದ ಸದ್ದು ಕೇಳಿಸುತ್ತಿತ್ತು.

ಮೊದಲ ಕಾರ್ಯಕ್ರಮ ಅಫಜಲಪುರದ ಒಂದು ಮದುವೆಯಲ್ಲಿ. ಲಾಡ್ಲೆಸಾಬನಿಗೆ ಅಂದು ಹಿಡಿಯುವವರಿರಲಿಲ್ಲ. ಭೋಂಗಾ ಊದಿದರೆ ದಮ್ಮು ಹತ್ತುತ್ತಿತ್ತು, ಬೆರಳಿಗೆ ದಮ್ಮೆಲ್ಲಿಯದು? ಒಂದು ಸ್ವರ ಸಾಕಿದ್ದಲ್ಲಿ ನಾಲ್ಕು ಬಾರಿಸಿದ. ಹಾಡು ಎಲ್ಲಿ ಖಾಲಿ ಬಿಟ್ಟಿತೋ ಅಲ್ಲೆಲ್ಲ ತುಂಬಿದ. ಎರಡು ಹಾಡು ಮುಗಿದ ಮೇಲೆ ಪ್ರಮಿಲಾ ಮೈಕನ್ನು ಸೆರಗಿನಿಂದ ಮುಚ್ಚಿ ಹಿಂದೆ ತಿರುಗಿದಳು.

"ಚಾಚಾ, ಸಿಟ್ಟಾಗಬ್ಯಾಡ್ರಿ. ನೀವು ಭಾಳ ಚಲೋ ಬಾರಸ್ತೀರಿ. ಆದ್ರ ನಂಗ ನಿಂದ್ರಾಕ ಜಾಗಾನ ಸಿಗವಲ್ದು. ಸಂತ್ಯಾಗ ನಿಂತು ಹಾಡ್ದಂಗ ಆಗಾಕತ್ತದ."

ಲಾಡ್ಲೆಸಾಬ "ಆತ್ರಿ ಅಕ್ಕೋರ" ಎಂದ. ಉಳಿದ ಹಾಡುಗಳಿಗೆ ಅಂಜಿ ಅಂಜಿ ಬಾರಿಸಿದ.

ಮರುದಿನ ಮುಂಜಾನೆ ನಜಮುನ್ನಿಸಾ ಬಾಗಿಲಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಲಾಡ್ಲೆಸಾಬ ಗೋಡೆಗೆ ಒರಗಿ, ಮುಖ ಗಂಟು ಹಾಕಿಕೊಂಡು, ಅದೇ ಹಾಡನ್ನು ಅದೇ ರೀತಿ ಟಿಣಿಟಿಣಿಸುತ್ತಿದ್ದ. ಆಕೆ ಸ್ವಲ್ಪ ಹೊತ್ತು ಅವನ ಬೆರಳನ್ನೇ ನೋಡಿದಳು.

"ಕ್ಯಾ ಜೀ, ಭೋಂಗಾ ಊದುವಾಗ ನಡುವ ಉಸುರು ತೊಗೊಂತಿದ್ರಿ. ಈಗ ಯಾಕ ಉಸುರ ತೊಗೊಳ್ಳವಲ್ರಿ?"

"ಇದಕ್ಕ ಉಸುರು ಬೇಕಾಗಂಗಿಲ್ಲಲೇ. ಇದು ತಂತಿ."

"ತಂತಿಗಿ ಬ್ಯಾಡ. ಕೇಳವ್ರಿಗಿ ಬೇಕಲ್ಲ?"

ಆಕೆ ಮತ್ತೆ ಬೇಳೆ ಕೇರತೊಡಗಿದಳು. ಲಾಡ್ಲೆಸಾಬನ ಬೆರಳು ನಿಂತುಬಿಟ್ಟಿತು. ಆಮೇಲೆ ಮೂಗಿನಿಂದ ಉಸಿರೆಳೆದು, ಹಳೆಯ ರೂಢಿಯಂತೆ ಗಲ್ಲ ಉಬ್ಬಿಸಿ, ತುಟಿ ಕೂಡಿಸಿ, ಊದುತ್ತಿದ್ದೇನೆ ಎಂದುಕೊಂಡು ತಂತಿ ಮೀಟಿದ. ಉಸಿರು ಇರುವಷ್ಟು ಹೊತ್ತು ಸ್ವರ. ಉಸಿರು ತೀರಿದಲ್ಲಿ ಬೆರಳು ತಂತಿಯ ಮೇಲೆ ಬಂದು ಅದನ್ನು ನಿಲ್ಲಿಸಿತು. ಆ ಖಾಲಿಯಲ್ಲಿ ಮೊರದ ಬೇಳೆ ಝಲ್ ಎಂದದ್ದು ಕೇಳಿಸಿತು. ಇನ್ನೊಮ್ಮೆ ಬಾರಿಸಿದ. ಇನ್ನೊಮ್ಮೆ ಝಲ್ ಎಂದಿತು. ನಜಮುನ್ನಿಸಾ ತಲೆ ಎತ್ತಲಿಲ್ಲ, ಆದರೆ ಆಕೆಯ ಮೊರ ಅವನ ಉಸಿರಿಗೆ ಸರಿಯಾಗಿ ಹಾರತೊಡಗಿತ್ತು.

ಮುಂದಿನ ತಾಲೀಮಿನಲ್ಲಿ ಚಾಂದಪಾಶಾ ಡ್ರಮ್ಮಿನ ಕಡ್ಡಿ ಕೆಳಗೆ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. "ವಿಠ್ಠಲಣ್ಣ, ನೋಡ್ರಿ, ಚಾಚಾ ಗಿಟಾರಿಗೆ ಗಾಳಿ ಹೊಡ್ಯಾಕತ್ತಾರ! ನಮ್ಮ ಟೈರ್ ಅಂಗಡಿಗೆ ಕಳಸ್ರಿ!" ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಅವನ ನಗು ನಿಂತಿತು. ಅವನ ಕಾಲಿನ ದೊಡ್ಡ ಡ್ರಮ್ಮೂ ಲಾಡ್ಲೆಸಾಬನ ಬೆರಳೂ ಒಬ್ಬನೇ ಮನುಷ್ಯ ಹೆಜ್ಜೆ ಇಟ್ಟಂತೆ ಕೂಡಿ ಬೀಳುತ್ತಿದ್ದವು. ಹಾಡು ಮುಗಿಸಿ ಪ್ರಮಿಲಾ, "ಇನ್ನೊಮ್ಮೆ ಹಾಡೋಣೇನ್ರಿ?" ಎಂದಳು. ಹಾಡಿದ ಮೇಲೆ, "ಮತ್ತೊಮ್ಮೆ?" ಎಂದಳು.

ಅಂದಿನಿಂದ ಲಾಡ್ಲೆಸಾಬನಿಗೆ ಇನ್ನೊಂದು ಸಂಗತಿ ತಿಳಿಯತೊಡಗಿತು. ಹಾಡುವವರು ಬಾಯಿ ತೆರೆಯುವ ಮೊದಲು ಉಸಿರೆಳೆಯುತ್ತಾರೆ. ಸಣ್ಣ ಉಸಿರಾದರೆ ಸಣ್ಣ ಸಾಲು. ಎದೆ ತುಂಬ ಎಳೆದರೆ ಮೇಲಿನ ಸ್ವರ ಬರಲಿದೆ ಎಂದೇ ಲೆಕ್ಕ. ಊದುವವರ ನಡುವೆ ಬಾಳಿದ ಕಿವಿ ಅವನದು. ಪ್ರಮಿಲಾಳ ಉಸಿರು ಮುಗಿಯುವ ಮೊದಲೇ ಅವನ ಬೆರಳು ಆಕೆ ಇಳಿಯುವ ಜಾಗಕ್ಕೆ ಹೋಗಿ ಕಾಯುತ್ತಿತ್ತು.

ಕಬ್ಬು ನುರಿಸುವ ಕಾಲ ಶುರುವಾದಾಗ ಭೂಸನೂರಿನಿಂದ ಕರೆ ಬಂತು. ಸಕ್ಕರೆ ಕಾರ್ಖಾನೆಯ ಕೆಲಸಗಾರರು ಆದಿತ್ಯವಾರ ಮಧ್ಯಾಹ್ನ ಬಯಲಿನಲ್ಲಿ ಹಾಡಿನ ಕಾರ್ಯಕ್ರಮ ಇಟ್ಟಿದ್ದರು. ಪಾಳಿ ಮುಗಿಸಿದವರು, ಕಬ್ಬು ಕಡಿಯುವವರು, ಅವರ ಹೆಂಡಿರು ಮಕ್ಕಳು, ಸಾಲಾಗಿ ನಿಂತ ಕಬ್ಬಿನ ಬಂಡಿಗಳು. ಬಂಡಿಯ ಮೇಲೂ ಜನ. ಗಾಳಿಯಲ್ಲಿ ಬೆಲ್ಲದ ವಾಸನೆ. ಪ್ರಮಿಲಾ ಮೂರು ಹಾಡು ಮುಗಿಸಿ ನಾಲ್ಕನೆಯದಕ್ಕೆ, ಎಲ್ಲರೂ ಕಾದಿದ್ದ ಕುಣಿತದ ಹಾಡಿಗೆ, ಕೈ ಹಾಕಿದಳು. ಮೊದಲ ಚರಣ ಮುಗಿಯಿತು. ಎರಡನೆಯದಕ್ಕೆ ಎದೆ ತುಂಬ ಉಸಿರೆಳೆದಳು. ಆಗಲೇ ಗಾಳಿ ಬೀಸಿ ಕಬ್ಬಿನ ಸಿಪ್ಪೆಯ ಧೂಳು ಆಕೆಯ ಗಂಟಲಿಗೆ ಹೋಯಿತು.

ಆಕೆ ಕೆಮ್ಮಿದಳು. ಮೈಕಿನಿಂದ ಮುಖ ತಿರುಗಿಸಿ ಬಾಗಿ ಕೆಮ್ಮಿದಳು. ಶ್ರೀನಿವಾಸನ ಗಿಟಾರು ದಾರಿ ತಪ್ಪಿ ನಿಂತಿತು. ವಿಠ್ಠಲ ಕೀಬೋರ್ಡಿನಿಂದ ಕೈ ತೆಗೆದು ನೀರಿನ ತಂಬಿಗೆ ಹುಡುಕಿದ. ಎಲ್ಲವೂ ನಿಂತಿತೆನ್ನುವಾಗ ತಳದಲ್ಲಿ ಒಂದೇ ಸದ್ದು ಉಳಿಯಿತು. ದುಂ, ದುಂ. ಒಂದು ಉಸಿರು. ದುಂ, ದುಂ. ಒಂದು ಉಸಿರು.

ಲಾಡ್ಲೆಸಾಬ ಹೆಚ್ಚು ಬಾರಿಸಲಿಲ್ಲ. ಬಾರಿಸಬಹುದಿತ್ತು, ಅಷ್ಟು ದೊಡ್ಡ ಬಯಲು ಅವನೊಬ್ಬನ ಕೈಗೆ ಸಿಕ್ಕಿತ್ತು. ಎರಡೇ ಸ್ವರ ಬಾರಿಸಿ, ಗಲ್ಲ ಉಬ್ಬಿಸಿ, ನಿಂತು, ಮತ್ತೆ ಎರಡು ಬಾರಿಸಿದ. ಚಾಂದಪಾಶಾ ಕಾಲಿನ ಡ್ರಮ್ಮಿನಿಂದ ಜೊತೆ ಹಿಡಿದ. ಮುಂದಿನ ಸಾಲಿನಲ್ಲಿದ್ದ ಕಬ್ಬು ಕಡಿಯುವ ಒಬ್ಬ ಹೆಂಗಸು ಆ ಉಸಿರಿನ ಖಾಲಿಯಲ್ಲಿ ಒಂದು ಚಪ್ಪಾಳೆ ಹಾಕಿದಳು. ಮುಂದಿನ ಖಾಲಿಯಲ್ಲಿ ಹತ್ತು ಜನ ಹಾಕಿದರು. ಅದರ ಮುಂದಿನದರಲ್ಲಿ ಇಡೀ ಬಯಲು. ದುಂ, ದುಂ, ಚಪ್ಪಾಳೆ. ದುಂ, ದುಂ, ಚಪ್ಪಾಳೆ. ಬಂಡಿಯ ಮೇಲಿನವರು ಕಬ್ಬಿನ ಗಳ ಹಿಡಿದು ಬಂಡಿಗೇ ಬಡಿದರು. ಹಾಡೇ ಇಲ್ಲದೆ ಜನ ಎದ್ದು ಕುಣಿಯತೊಡಗಿದರು.

ಪ್ರಮಿಲಾ ನೀರು ಕುಡಿದು, ಕಣ್ಣೊರೆಸಿಕೊಂಡು ಎದ್ದು ನಿಂತಳು. ಬಯಲನ್ನು ನೋಡಿ ನಕ್ಕಳು. ಅವಸರ ಮಾಡಲಿಲ್ಲ. ಲಾಡ್ಲೆಸಾಬ ಕಿವಿಯೊಂದನ್ನೇ ಆಕೆಯ ಕಡೆ ಇಟ್ಟಿದ್ದ. ಇಷ್ಟು ಗದ್ದಲದಲ್ಲಿಯೂ ಮೈಕಿನ ಮೂಲಕ ಆ ಉಸಿರು ಸಣ್ಣಗೆ ಕೇಳಿಸಿತು. ಎದೆ ತುಂಬ ಎಳೆದ ಉಸಿರು. ಅವನ ಬೆರಳು ಹಾಡಿನ ಆಧಾರ ಸ್ವರಕ್ಕೆ ಬಂದದ್ದೂ ಪ್ರಮಿಲಾಳ ದನಿ ಎದ್ದದ್ದೂ ಒಂದೇ ಕ್ಷಣ. ಜನ ಹೋ ಎಂದು ಕೂಗಿದ್ದು ಕಾರ್ಖಾನೆಯ ಸೈರನ್ನಿನ ಸದ್ದನ್ನೂ ಮೀರಿತು.

ಮುಗಿದ ಮೇಲೆ ಎಲ್ಲರೂ ಪ್ರಮಿಲಾಳನ್ನು ಮುತ್ತಿದರು. ಆ ಚಪ್ಪಾಳೆಯ ಆಟ ಭಾರೀ ಯುಕ್ತಿ ಎಂದು ವಿಠ್ಠಲನ ಬೆನ್ನು ತಟ್ಟಿದರು. ಲಾಡ್ಲೆಸಾಬನ ಹತ್ತಿರ ಬಂದವನು ಒಬ್ಬನೇ, ಒಬ್ಬ ಮುದುಕ ಬಂಡಿಯವ. "ನೀವು ಏನು ಬಾರ್ಸಿದ್ರೋ ನಂಗ ತಿಳೀಲಿಲ್ರಿ ಸಾಬರ. ಆದ್ರ ನಮ್ಮ ಎತ್ತು ಗೋಣು ಹಾಕಾಕತ್ತಿದ್ವು" ಎಂದ. ಲಾಡ್ಲೆಸಾಬನಿಗೆ ಅದು ಸಾಕಾಯಿತು. ಟೆಂಪೋ ಹತ್ತುವಾಗ ಪ್ರಮಿಲಾ ಜನ ತನ್ನ ಕೊರಳಿಗೆ ಹಾಕಿದ್ದ ಹೂವಿನ ಹಾರ ತೆಗೆದು ಅವನ ಗಿಟಾರಿನ ಕುತ್ತಿಗೆಗೆ ಹಾಕಿದಳು. "ನಾ ಬೀಳಲಿಲ್ಲ ಚಾಚಾ. ಕೆಳಗ ನೀವು ಇದ್ರಿ."

ವಿಠ್ಠಲ ಆ ಕಾರ್ಯಕ್ರಮವನ್ನು ಟೇಪಿನಲ್ಲಿ ಹಿಡಿದಿದ್ದ. ಲಾಡ್ಲೆಸಾಬ ಕ್ಯಾಸೆಟ್ಟನ್ನೂ ಅಂಗೈಯಗಲದ ಟೇಪ್ ರೆಕಾರ್ಡರನ್ನೂ ಮನೆಗೆ ತಂದು ಹೆಂಡತಿಯ ಮುಂದೆ ಇಟ್ಟ. ನಜಮುನ್ನಿಸಾ ಕಿವಿ ಹಚ್ಚಿ ಕೇಳಿದಳು. ಪ್ರಮಿಲಾಳ ದನಿ ಕೇಳಿಸಿತು, ಕೆಮ್ಮು ಕೇಳಿಸಿತು, ಚಪ್ಪಾಳೆ ಕೇಳಿಸಿತು.

"ನೀವು ಎಲ್ಲಿ ಅದೀರಿ?"

ಲಾಡ್ಲೆಸಾಬನೂ ಕಿವಿ ಹಚ್ಚಿದ. ಆ ಸಣ್ಣ ಸ್ಪೀಕರಿಗೆ ತಳದ ಸದ್ದು ಹೊರಡಿಸುವ ಶಕ್ತಿಯೇ ಇರಲಿಲ್ಲ. ಅವನು ಅದರಲ್ಲಿ ಇರಲೇ ಇಲ್ಲ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗು ನಿಂತ ಮೇಲೆ ನಜಮುನ್ನಿಸಾ, "ಹಂಗಾದ್ರ ಮುಂದಿನ ಸಲ ನಾನ ಬರ್ತೇನಿ" ಎಂದಳು.

ಮುಂದಿನ ಸಲ ಎಂದರೆ ಪ್ರಮಿಲಾಳ ತಂಗಿಯ ಮದುವೆ. ಅವಳ ಮನೆಯವರ ಊರು ಕೊಳಕೂರ, ಮದುವೆ ಮಾತ್ರ ಜೇವರ್ಗಿಯಲ್ಲಿ. ಅರಿಶಿನ ಹಚ್ಚುವ ದಿನ ಮುಂಜಾನೆ ಚಪ್ಪರದಲ್ಲಿ ಆರ್ಕೆಸ್ಟ್ರಾ. ನಜಮುನ್ನಿಸಾ ತನ್ನ ಹಸಿರು ಸೀರೆ ಉಟ್ಟು, ಕೈ ತುಂಬ ಬಳೆ ಇಟ್ಟುಕೊಂಡು, ದೊಡ್ಡ ಸ್ಪೀಕರ್ ಪೆಟ್ಟಿಗೆಯ ಪಕ್ಕದಲ್ಲೇ ಕೂತಳು. ಆಕೆಯ ಮಗ್ಗುಲಲ್ಲಿ ಪ್ರಮಿಲಾಳ ತಾಯಿ ಭಾಗೀರಥಿಬಾಯಿ.

ಮೊದಲ ಸ್ವರ ಬಂತು. ನಜಮುನ್ನಿಸಾಳ ಬಳೆಗಳು ತಾವಾಗಿಯೇ ಸಣ್ಣಗೆ ಕಿಣಿಕಿಣಿ ಎಂದವು. ಸದ್ದು ಕಿವಿಗೆ ಬರಲಿಲ್ಲ. ನೆಲದಿಂದ ಎದ್ದು, ಮೊಣಕಾಲಿಗೆ ಬಂದು, ಎದೆಯಲ್ಲಿ ಕೂತಿತು. ಆಕೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಒಳಗೊಂದು ಜೀವ ಇದ್ದಂತೆ ಅದು ಉಸಿರಾಡುತ್ತಿತ್ತು.

"ಇದು ನಮ್ಮವ್ರದುರಿ" ಎಂದಳು.

"ಯಾರು? ಆ ಗಿಟಾರ್ ಹಿಡ್ದು ಕುಣ್ಯಾಕತ್ತಾರಲ್ಲ, ಅವ್ರೇನು?" ಎಂದರು ಭಾಗೀರಥಿಬಾಯಿ.

"ಅಲ್ರಿ. ಹಿಂದ ಗಲ್ಲ ಉಬ್ಬಿಸಿಕೊಂಡು ನಿಂತಾರ ನೋಡ್ರಿ, ಅವ್ರು."

"ಅವ್ರೇನು ಮಾಡಾಕತ್ತಾರ?"

ನಜಮುನ್ನಿಸಾ ಮುದುಕಿಯ ಕೈ ಹಿಡಿದು ಪೆಟ್ಟಿಗೆಯ ಮೇಲೆ ಇಟ್ಟಳು. ಭಾಗೀರಥಿಬಾಯಿಯ ಕಣ್ಣುಗಳು ದೊಡ್ಡವಾದವು. "ಅಯ್ಯ ನಮ್ಮವ್ವ! ಬರ್ರೆ ಇಲ್ಲಿ, ಮುಟ್ಟಿ ನೋಡ್ರಿ!" ಎಂದು ಬೀಗಿತ್ತಿಯನ್ನು ಕರೆದರು. ಬೀಗಿತ್ತಿ ಸೊಸೆಯನ್ನು ಕರೆದಳು. ಅರಿಶಿನ ಕಲಸುತ್ತಿದ್ದ ಹೆಂಗಸರು ಕೈ ತೊಳೆಯದೆ ಎದ್ದು ಬಂದರು. ಮದುಮಗಳೂ ಬಂದಳು.

ಲಾಡ್ಲೆಸಾಬ ವೇದಿಕೆಯಿಂದ ನೋಡಿದ. ಚಪ್ಪರದ ಹೆಂಗಸರೆಲ್ಲ ಅವನ ಪೆಟ್ಟಿಗೆಯನ್ನು ಮುತ್ತಿಕೊಂಡು, ಅದರ ಮೇಲೆ ಅಂಗೈ ಒತ್ತಿ, ನಗುತ್ತ ತೂಗುತ್ತಿದ್ದರು. ನಡುವೆ ಹಸಿರು ಸೀರೆಯ ನಜಮುನ್ನಿಸಾ, ಪೆಟ್ಟಿಗೆ ತನ್ನ ತವರುಮನೆಯಿಂದ ಬಂದದ್ದೆಂಬಂತೆ, ಒಬ್ಬೊಬ್ಬರಿಗೂ ಜಾಗ ಮಾಡಿಕೊಡುತ್ತಿದ್ದಳು.

ಹಾಡು ಮುಗಿದಾಗ ಕರಿಯ ಪೆಟ್ಟಿಗೆಯ ತುಂಬ ಹಳದಿ ಕೈಗಳು ಮೂಡಿದ್ದವು. ವಿಠ್ಠಲ ಒರೆಸಲು ಬಟ್ಟೆ ತೆಗೆದುಕೊಂಡು ಓಡಿದ. ನಜಮುನ್ನಿಸಾ ಅಡ್ಡ ನಿಂತಳು.

"ಇರಲಿ ಬಿಡಪಾ. ಮುಂದಿನ ಹಾಡು ಹಚ್ಚು."