ಕೊಕ್ಕರೆ ಬೆಡಗಿನವಳ ಮೂರು ನಿಮಿಷ

ಡೆಲ್ಫೀನ್ ಅತ್ತೆಯ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಮಾತು ನಿಂತದ್ದು ಮಾರ್ಚ್ ತಿಂಗಳಲ್ಲಿ. ಎಣ್ಣೆ ಕೊಳವೆಯ ಮೇಲಿನ ಸಾರ್ವಜನಿಕ ವಿಚಾರಣೆ ಗೊತ್ತಾದದ್ದೂ ಅದೇ ಮಾರ್ಚ್‌ನಲ್ಲಿ. ಗ್ರೋ ಕ್ಯಾಪ್‌ನ ಮೂಲನಿವಾಸಿ ಮೀನುಗಾರರ ಮನೆಗಳಲ್ಲಿ ಈ ಎರಡು ಸುದ್ದಿಗಳನ್ನೂ ಒಂದೇ ಉಸಿರಿನಲ್ಲಿ ಹೇಳಿ ಜನ ತಲೆ ಕೊಡವುತ್ತಿದ್ದರು. ಕೊಳವೆಯ ಬಗ್ಗೆ ಸಭೆ ಕರೆದಾಗಲೆಲ್ಲ ಊರಿನ ಪರವಾಗಿ ಎದ್ದು ನಿಂತವಳು ಡೆಲ್ಫೀನ್. ಅವಳಿಲ್ಲದೆ ಯಾರು ನಿಲ್ಲಬೇಕು?

ಎರಡು ಸಿಹಿನೀರಿನ ಸರೋವರಗಳು ಕೂಡುವ ಜಲಸಂಧಿಯ ತಳದಲ್ಲಿ, ದೊಡ್ಡ ಸೇತುವೆಯ ಪಡುವಣಕ್ಕೆ ಆ ಕೊಳವೆ ಮಲಗಿತ್ತು. ವಯಸ್ಸಿನಲ್ಲಿ ಸೇತುವೆಗಿಂತ ಹಿರಿಯದು. ಇನ್ನಷ್ಟು ವರ್ಷ ಅದರಲ್ಲೇ ಎಣ್ಣೆ ಹರಿಸಲು ಕಂಪನಿ ಅನುಮತಿ ಕೇಳಿತ್ತು. ಅನುಮತಿಯ ಮುಂಚೆ ಜನರ ಮಾತು ಕೇಳುವ ಕೊನೆಯ ಸಭೆ ಇದು. ಇಲ್ಲಿ ದಾಖಲಾಗದ ಮಾತಿಗೆ ಮುಂದೆ ಬೆಲೆಯಿಲ್ಲ.

ಅತ್ತೆ ಬೆರಳು ತೋರಿಸಿದ್ದು ತನ್ನ ಅಣ್ಣನ ಮಗಳು ಜೋಸೆಟ್‌ಳ ಕಡೆಗೆ.

ಮೇಪಲ್ ಮರದ ಸಿಹಿರಸ ಕುದಿಸಿ ಪಾಕ ಮಾಡುವ ಕಾಲ. ಕಾಡಿನಂಚಿನ ಗುಡಿಸಲಿನಲ್ಲಿ ಕಡಾಯಿಯ ಸುತ್ತ ಮೂವರೂ ಕೂತಿದ್ದರು. ಜೋಸೆಟ್ ನೊರೆ ತೆಗೆಯುತ್ತಿದ್ದಳು. ಅತ್ತೆಯ ಮಗ ಆರ್ಲೊ ಸೌದೆ ತಳ್ಳುತ್ತಿದ್ದ.

"ನೀನೇ ಮಾತಾಡ್ಬೇಕು," ಎಂದಳು ಅತ್ತೆ. ದನಿಯಲ್ಲ ಅದು, ಬರೀ ಉಸಿರು.

"ಡಾಕ್ಟ್ರು ಪಿಸುಗುಡ್ಲೂಬಾರ್ದು ಅಂದಿದಾರೆ, ಸುಮ್ನಿರಿ ಅತ್ತೆ. ಆರ್ಲೊ ಮಾತಾಡ್ತಾನೆ. ಅವ್ನಿಗೆ ಬಾಯಿದೆ."

"ನನ್ನ ಬಾಯಿರೋದು ಊಟಕ್ಕೆ," ಎಂದ ಆರ್ಲೊ. "ನಂದು ನಮ್ಮಪ್ಪನ ಬೆಡಗು, ಕರಡಿ. ಕರಡಿ ಕೆಲ್ಸ ಬಾಗ್ಲು ಕಾಯೋದು. ನಾಲ್ಕು ಜನರ ಮುಂದೆ ಮಾತಾಡೋದು ಕೊಕ್ಕರೆಯವ್ರ ಕೆಲ್ಸ. ನೀನು ಕೊಕ್ಕರೆನೋ, ಇನ್ನೂ ಮೊಟ್ಟೆನೋ?"

ಜೋಸೆಟ್ ನೊರೆಯನ್ನು ಪಕ್ಕಕ್ಕೆ ಕೊಡವಿದಳು. ಕೊಕ್ಕರೆ ಬೆಡಗಿನಲ್ಲಿ, ಅಂದರೆ ಆ ಕುಲದಲ್ಲಿ, ಹುಟ್ಟಿಯೂ ಅಂಗಡಿಯಲ್ಲಿ ಬೇಕಾದ್ದು ಕಣ್ಣಿಗೆ ಬೀಳದಿದ್ದರೆ ಕೇಳಲಾರದೆ ಬರಿಗೈಯಲ್ಲಿ ಮನೆಗೆ ಬರುವವಳು ಅವಳು. ಕಾಲೇಜಿನಲ್ಲಿ ನೀರಿನ ಬಗ್ಗೆಯೇ ಓದಿದ್ದಳು. ಜಲಸಂಧಿಯ ಸೆಳವು ಯಾವಾಗ ಮೂಡಣಕ್ಕೆ, ಯಾವಾಗ ಪಡುವಣಕ್ಕೆ, ತಳದ ಮರಳು ಎಲ್ಲಿ ಕೊರೆದುಹೋಗಿದೆ ಎಲ್ಲ ಗೊತ್ತು. ಗೊತ್ತಿರುವುದು ಬೇರೆ, ಮೈಕಿನ ಮುಂದೆ ಬಾಯಿ ತೆರೆಯುವುದು ಬೇರೆ. ಪದವಿಯ ಕೊನೆಯ ದಿನ ಪ್ರಬಂಧ ಓದುವಾಗ ಅವಳ ದನಿ ಮೊದಲ ಸಾಲಿನವರಿಗೇ ಕೇಳಿಸಿರಲಿಲ್ಲ.

ಆದರೂ ಒಪ್ಪಿದಳು. ಅತ್ತೆಯ ಕೊರಳಿನ ಬ್ಯಾಂಡೇಜ್ ನೋಡಿಕೊಂಡು ಇಲ್ಲ ಎನ್ನಲಾಗಲಿಲ್ಲ.

"ಒಂದೇ ಮಾತು," ಎಂದಳು ಜೋಸೆಟ್. "ಒಬ್ಬರಿಗೆ ಮೂರೇ ನಿಮಿಷ ಕೊಡೋದು. ನಾನು ನೆಟ್ಟಗೆ ವಿಷಯಕ್ಕೇ ಬರ್ತೀನಿ. ಹೆಸರು, ಬೆಡಗು, ಅಜ್ಜಿಯರು ಅಂತ ಶುರುಮಾಡಿದ್ರೆ ಅಲ್ಲಿಗೇ ಮುಗಿದುಹೋಗತ್ತೆ."

ಅತ್ತೆ ರಸ ಕಲಕುತ್ತಿದ್ದ ಸೌಟು ಕೆಳಗಿಟ್ಟಳು. "ಯಾರು ಅಂತ ಹೇಳ್ದೆ ಮಾತಾಡಿದ್ರೆ ಅದು ರೇಡಿಯೋ," ಎಂದು ಪಿಸುಗುಟ್ಟಿದಳು.

"ನಿಮ್ಗೆ ಒಂದೇ ಉಸಿರಲ್ಲಿ ಹೇಳಿ ಅಭ್ಯಾಸ ಇದೆ. ನನ್ಗೆ ಅಜ್ಜಿ ಕಲಿಸಿದ್ದು ಉದ್ದದ್ದು."

ಅದು ನಿಜ. ಹಬ್ಬದೂಟದ ಮನೆಯಲ್ಲಿ, ಅವಸರವೇ ಇಲ್ಲದವರ ನಡುವೆ ಹೇಳುವ ಪೂರ್ಣ ಪರಿಚಯವನ್ನು ಅಜ್ಜಿ ಅವಳಿಗೆ ಕಲಿಸಿದ್ದಳು. ತಮ್ಮ ಭಾಷೆಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಒಬ್ಬೊಬ್ಬ ಹೆಂಗಸಿನ ಹೆಸರಿನ ಜೊತೆ ಅವಳು ಬಲೆ ಬಿಡುತ್ತಿದ್ದ ಜಾಗದ ಹೆಸರು. ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಹೆಸರು ಬಿಟ್ಟುಹೋದ ಅಜ್ಜಿಗೆ ಬಾಗಿಲು ಹಾಕಿದ ಹಾಗೆ.

ಅತ್ತೆ ಸುಮ್ಮನೆ ಕೂರಲಿಲ್ಲ. ಮರುದಿನ ತಾನೂ ಹೋಗಿ ಮಾತಾಡುವವರ ಪಟ್ಟಿಯಲ್ಲಿ ತನ್ನ ಹೆಸರು ಕೊಟ್ಟು ಬಂದಳು. ಆರ್ಲೊ ನಕ್ಕ. "ಏನಮ್ಮಾ, ಕೈಸನ್ನೆ ಮಾಡ್ತೀಯಾ ಅಲ್ಲಿ?"

ವಿಚಾರಣೆ ನಡೆದದ್ದು ಸೇಂಟ್ ಇಗ್ನಾಸ್‌ನ ಶಾಲೆಯ ಆಟದ ಮನೆಯಲ್ಲಿ. ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಮೇಜು, ಮೇಜಿನ ಹಿಂದೆ ವಿಚಾರಣಾಧಿಕಾರಿ ಹಾವರ್‌ಕ್ಯಾಂಪ್. ಅವನ ಪಕ್ಕದಲ್ಲಿ ಎಲ್ಲವನ್ನೂ ಬೆರಳಚ್ಚು ಮಾಡಿಕೊಳ್ಳುವ ಹೆಂಗಸು. ಗೋಡೆಗೆ ಜಲಸಂಧಿಯ ದೊಡ್ಡ ನಕ್ಷೆ. ಅದರಲ್ಲಿ ಈ ದಡದಿಂದ ಆ ದಡಕ್ಕೆ ಕೊಳವೆಯ ಕೆಂಪು ಗೆರೆ, ಉಳಿದದ್ದೆಲ್ಲ ಖಾಲಿ ನೀಲಿ.

ಮೊದಲು ಹಾರ್ಡ್‌ವೇರ್ ಅಂಗಡಿಯ ಮುದುಕ ಮಾತಾಡಿದ. ಚಳಿಗಾಲದಲ್ಲಿ ತನ್ನ ಮನೆ ಬೆಚ್ಚಗಿರುವುದು ಎಣ್ಣೆಯ ಜೊತೆ ಈ ಕೊಳವೆಯಲ್ಲೇ ಬರುವ ಅನಿಲದಿಂದ, ನಾಳೆ ನಿಲ್ಲಿಸಿದರೆ ತನಗೇನು ಗತಿ ಎಂದ. ಜೋಸೆಟ್‌ಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ಸುಳ್ಳಲ್ಲ. ಆಮೇಲೆ ಅವಳ ಹೆಸರು ಕರೆದರು.

ಮೈಕು ಅವಳ ಗದ್ದಕ್ಕಿಂತ ಮೇಲಿತ್ತು. ತಗ್ಗಿಸಲು ತಿಳಿಯದೆ ಮುಖ ಎತ್ತಿ ನಿಂತಳು. ಉರು ಹೊಡೆದಿದ್ದ ಮೊದಲ ವಾಕ್ಯ ಬಾಯಿಗೆ ಬರಲಿಲ್ಲ. ಎರಡನೆಯದೂ ಬರಲಿಲ್ಲ. ಆಟದ ಮನೆ ತುಂಬ ಮುಖಗಳು. ಬಾಯಿ ತೆರೆದಾಗ ಹೊರಟದ್ದು ಬೇರೆಯೇ.

"ಆನೀನ್," ಎಂದು ನಮಸ್ಕರಿಸಿ, ತಮ್ಮ ಭಾಷೆಯಲ್ಲಿ ತನ್ನ ಹೆಸರು ಹೇಳಿದಳು. ಕೊಕ್ಕರೆ ಬೆಡಗು ಎಂದಳು. ಗ್ರೋ ಕ್ಯಾಪ್‌ನವಳು ಎಂದಳು. ಶುರುವಾದ ಮೇಲೆ ನಿಲ್ಲಿಸುವುದು ಅವಳಿಗೆ ಕಲಿಸಿರಲೇ ಇಲ್ಲ. ಅಪ್ಪನ ತಾಯಿ ಆಗ್ನೆಸ್, ಗ್ರೋ ಕ್ಯಾಪ್‌ನ ಬಂಡೆಯ ಮುಂದೆ ಬಿಳಿಮೀನಿಗೆ ಬಲೆ ಬಿಟ್ಟವಳು. ಅವಳ ತಾಯಿ ಫಿಲೊಮಿನ್, ಸೇಂಟ್ ಹೆಲೆನಾ ದ್ವೀಪದ ಒಳಮಗ್ಗುಲಿನವಳು. ಫಿಲೊಮಿನ್‌ಳ ತಾಯಿ, ಹೆಸರು ಅಳಿದು ಜಾಗ ಮಾತ್ರ ಉಳಿದವಳು, ನೀರಿಗೆ ಚಾಚಿದ ಲಾ ಬಾರ್ಬ್ ಮೂತಿಯ ಹತ್ತಿರ ಮಂಜುಗಡ್ಡೆ ಕೊರೆದು ಮೀನು ಹಿಡಿದವಳು. ತಮ್ಮ ಭಾಷೆಯಲ್ಲಿ ಮುಗಿಸಿ ಇಂಗ್ಲಿಷಿನಲ್ಲಿ ಮತ್ತೆ ಮೊದಲಿಂದ ಹಿಡಿದಳು. ಲಾ ಬಾರ್ಬ್ ಮೂತಿಗೆ ಬರುವ ಹೊತ್ತಿಗೆ ಗಂಟೆ ಬಾರಿಸಿತು.

"ಧನ್ಯವಾದ. ನಿಮ್ಮ ಸಮಯ ಮುಗೀತು," ಎಂದ ಹಾವರ್‌ಕ್ಯಾಂಪ್.

ಕೊಳವೆ ಎನ್ನುವ ಪದವನ್ನೇ ಅವಳು ಉಚ್ಚರಿಸಿರಲಿಲ್ಲ. ಕಿವಿ ಕಾದು ಕೆಂಪಾಗಿ ತನ್ನ ಕುರ್ಚಿಗೆ ಬಂದು ಕೂತಳು. ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಅತ್ತೆಯಾದರೋ ಕೊರಳು ನೆಟ್ಟಗೆ ಮಾಡಿ, ಮಗಳ ಮದುವೆಯಲ್ಲಿ ಮೊದಲ ಸಾಲಿನಲ್ಲಿ ಕೂತವಳ ಹಾಗೆ ಕೂತಿದ್ದಳು.

ಮುಂದಿನ ಹೆಸರು ಆರ್ಲೊನದು. ತನ್ನ ಹೆಸರು ಕೊಡುವಾಗ ಅತ್ತೆ ಅವನದ್ದನ್ನೂ ಬರೆಸಿದ್ದಳು. ಅವನು ಟೋಪಿ ತೆಗೆದು ಮೈಕಿನ ಮುಂದೆ ನಿಂತು ಕೆಮ್ಮಿದ.

"ಕರಡಿ ಬೆಡಗು, ಡೆಲ್ಫೀನ್ ಮಗ. ಜೋಸೆಟ್ ಬಿಟ್ಟ ಜಾಗದಿಂದ ಹಿಡೀತೀನಿ," ಎಂದ. "ಆ ಲಾ ಬಾರ್ಬ್‌ನ ಅಜ್ಜಿಗೆ ಒಬ್ಬ ತಂಗಿ. ಆಕೆ ಬಲೆ ಬಿಡ್ತಿದ್ದಿದ್ದು ಲಾ ಬಾರ್ಬ್‌ನಿಂದ ನಡುನೀರಿನ ತನಕ. ಆಕೆ ಸೊಸೆ, ನಡುನೀರಿಂದ ಆ ಕಡೆ ಮಗಲ್ಪಿನ್ ಮೂತಿ ತನಕ. ಗಟ್ಟಿಗಿತ್ತಿ. ಅವಳ ಗಂಡ ಮೀನಿಗಿಂತ ಜಾಸ್ತಿ ಅವಳಿಗೆ ಹೆದರ್ತಿದ್ದನಂತೆ."

ಹಿಂದಿನ ಸಾಲುಗಳಲ್ಲಿ ನಗೆ ಎದ್ದಿತು. ಹಾವರ್‌ಕ್ಯಾಂಪ್ ಪೆನ್ನು ಕೆಳಗಿಟ್ಟ. "ನೋಡಿ, ದಯವಿಟ್ಟು ಕೊಳವೆ ವಿಷಯಕ್ಕೆ ಬನ್ನಿ."

"ಅಲ್ಲೇ ಇದೀನಲ್ಲ ಸ್ವಾಮಿ," ಎಂದ ಆರ್ಲೊ, ನಕ್ಷೆಯ ಕಡೆ ಟೋಪಿ ತೋರಿಸಿ. "ಲಾ ಬಾರ್ಬ್‌ನಿಂದ ಮಗಲ್ಪಿನ್‌ಗೆ. ನಿಮ್ಮ ಕೆಂಪು ಗೆರೆ ಎಳೆದಿರೋದು ನಮ್ಮ ಅಜ್ಜಿಯರ ಬಲೆ ಮೇಲೆ."

ಅಧಿಕಾರಿ ಹಿಂದಕ್ಕೆ ತಿರುಗಿ ನಕ್ಷೆ ನೋಡಿದ. ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಬೆರಳಚ್ಚಿನ ಹೆಂಗಸೂ ನೋಡಿದಳು. ಜೋಸೆಟ್ ಕೂತಲ್ಲಿಂದಲೇ ನೋಡಿದಳು. ಖಾಲಿ ನೀಲಿ ಈಗ ಖಾಲಿಯಾಗಿ ಕಾಣಲಿಲ್ಲ. ತನ್ನ ಪೆದ್ದುತನ ಅಂದುಕೊಂಡದ್ದು ಅಲ್ಲಿ ಅರ್ಧ ಜಲಸಂಧಿಯನ್ನು ತುಂಬಿತ್ತು.

ಆಮೇಲೆ ಡೆಲ್ಫೀನ್‌ಳ ಸರದಿ. ಎದ್ದು ಹೊರಟವಳು ಜೋಸೆಟ್‌ಳ ತೋಳು ಹಿಡಿದು ಎಳೆದುಕೊಂಡೇ ಹೋದಳು.

"ಇವರಿಗೆ ಮಾತಾಡೋಕಾಗಲ್ಲ," ಎಂದಳು ಜೋಸೆಟ್. "ಇವರು ಹೇಳಿದ್ದನ್ನ ನಾನು ಹೇಳಬಹುದಾ?"

"ಹೇಳಬಹುದು. ಅವರು ಹೇಳಿದ್ದನ್ನ ಮಾತ್ರ."

ಅತ್ತೆ ಕಿವಿಯ ಹತ್ತಿರ ಬಾಗಿದಳು. "ನಾನ್ಯಾರು ಅಂತ ನೀನು ಆಗ್ಲೇ ಹೇಳಿದೀಯ. ಇನ್ನು ಮೂರು ನಿಮಿಷವೂ ನೀರಿಂದೇ. ಹೇಳು, ನಾನು ಡೆಲ್ಫೀನ್, ಆ ಜಾಗದಲ್ಲಿ ಈಗ್ಲೂ ಬಲೆ ಬಿಡ್ತೀನಿ."

"ನಾನು ಡೆಲ್ಫೀನ್," ಎಂದಳು ಜೋಸೆಟ್. "ಆ ಜಾಗದಲ್ಲಿ ಈಗಲೂ ಬಲೆ ಬಿಡ್ತೀನಿ."

ದನಿ ಹಿಂದಿನ ಗೋಡೆಗೆ ಮುಟ್ಟಿ ಬಂದದ್ದು ಅವಳಿಗೇ ಕೇಳಿಸಿತು. ಬೇರೊಬ್ಬರ ಹೆಸರಿನಲ್ಲಿ ನಿಂತಾಗ ಮಾತು ಸಲೀಸಾಗಿ ಬಂತು. ಅತ್ತೆ ಪಿಸುಗುಟ್ಟಿದಳು, ಇವಳು ಹೇಳಿದಳು. ಬಲೆಯ ಭಾರದ ಗುಂಡುಗಳು ತಳ ಮುಟ್ಟುವುದು ಕೈಗೆ ಗೊತ್ತಾಗುತ್ತದೆ, ಕೆಲವು ಕಡೆ ತಳ ಮೊದಲಿನಷ್ಟು ಮೇಲಿಲ್ಲ ಎಂದಳು. ಅಲ್ಲಿ ಸೆಳವು ಮರಳನ್ನು ಒಯ್ದಿದೆ, ಕೊಳವೆಯ ಕೆಳಗೆ ನೆಲವಿಲ್ಲದೆ ಆಸರೆಯ ಕಂಬ ಕೊಟ್ಟಿದ್ದಾರೆ ಎಂದಳು. ನೀರು ಬೆಳಗ್ಗೆ ಒಂದು ಸರೋವರದ ಕಡೆ ಹೋದರೆ ಸಂಜೆ ಇನ್ನೊಂದರ ಕಡೆ ತಿರುಗಬಹುದು, ಎಣ್ಣೆ ಸೋರಿದರೆ ಎರಡು ದಿಕ್ಕಿನಲ್ಲೂ ಹರಡುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೆ ಸೇರಿಕೊಂಡ ಎಣ್ಣೆಯನ್ನು ಯಾವ ದೋಣಿ ಹೋಗಿ ತೆಗೆಯುತ್ತದೆ? ಹಾರ್ಡ್‌ವೇರ್ ಅಂಗಡಿಯವರ ಮನೆ ಬೆಚ್ಚಗಿರಲೇಬೇಕು, ಅನಿಲ ಲಾರಿಯಲ್ಲೂ ಬರುತ್ತದೆ, ರೈಲಿನಲ್ಲೂ ಬರುತ್ತದೆ. ಈ ನೀರು ಮಾತ್ರ ಬೇರೆ ಕಡೆಯಿಂದ ಬರುವುದಿಲ್ಲ. ಇದನ್ನು ನಾವು ಕುಡಿಯುತ್ತೇವೆ, ನೀವೂ ಕುಡಿಯುತ್ತೀರಿ, ಈಗ ನಿಮ್ಮ ಮೇಜಿನ ಮೇಲಿರುವ ಲೋಟದಲ್ಲಿರುವುದೂ ಇದೇ.

ಹಾವರ್‌ಕ್ಯಾಂಪ್ ಲೋಟ ನೋಡಿದ.

ಗಂಟೆ ಬಾರಿಸಿತು. ಹಾರ್ಡ್‌ವೇರ್ ಅಂಗಡಿಯ ಮುದುಕ ಎರಡು ಸಲ ಚಪ್ಪಾಳೆ ತಟ್ಟಿ, ಯಾರೂ ಜೊತೆಗೂಡದ್ದು ನೋಡಿ ಕೈ ಮಡಿಚಿಕೊಂಡ.

"ಇಷ್ಟನ್ನೂ ಅವರೇ ಹೇಳಿದ್ರಾ?" ಎಂದು ಕೇಳಿದ ಅಧಿಕಾರಿ.

ಜೋಸೆಟ್ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಅತ್ತೆ ಯಾವಾಗಲೋ ತನ್ನ ಕುರ್ಚಿಗೆ ಹೋಗಿ ಕೂತು, ಆರ್ಲೊ ಕೊಟ್ಟ ಪೆಪ್ಪರ್‌ಮಿಂಟ್ ಚೀಪುತ್ತಿದ್ದಳು.

"ಬಲೆ ತಳ ಮುಟ್ಟೋ ತನಕ ಅವರದ್ದು," ಎಂದಳು ಜೋಸೆಟ್. "ಅಲ್ಲಿಂದಾಚೆ ನಂದು."

"ನಿಮ್ಮ ಸರದಿ ಆಗಲೇ ಮುಗಿದಿದೆಯಲ್ಲ."

"ಅದು ಅಜ್ಜಿಯರ ಸರದಿ ಸ್ವಾಮಿ," ಎಂದ ಆರ್ಲೊ ಕೂತಲ್ಲಿಂದಲೇ. "ಅವರ ಹೆಸರು ನಿಮ್ಮ ಪಟ್ಟಿಯಲ್ಲಿ ಇರ್ಲಿಲ್ಲ, ಅಷ್ಟೇ."

ಈ ಸಲ ನಗೆ ಮುಂದಿನ ಸಾಲಿನಿಂದಲೂ ಬಂತು. ಹಾವರ್‌ಕ್ಯಾಂಪ್ ಹಣೆ ಉಜ್ಜಿಕೊಂಡ. ನಿಯಮದ ಮನುಷ್ಯ ಅವನು, ಕೆಟ್ಟವನಲ್ಲ. ಮತ್ತೊಮ್ಮೆ ನಕ್ಷೆಯ ಕಡೆ ನೋಡಿ, "ಇಬ್ಬರ ಹೆಸರಲ್ಲೂ ಬರ್ಕೊಳ್ಳಿ," ಎಂದ ಬೆರಳಚ್ಚಿನ ಹೆಂಗಸಿಗೆ. "ಅಜ್ಜಿಯರ ಜಾಗಗಳೂ ಇರಲಿ. ಒಂದೂ ಬಿಡ್ಬೇಡಿ."

ಇನ್ನು ಹೋಗಬಹುದು ಎಂಬಂತೆ ಅವನು ತಲೆಯಾಡಿಸಿದ. ಜೋಸೆಟ್ ಕದಲಲಿಲ್ಲ. ಮೈಕಿನ ಕೊರಳಿನ ತಿರುಪು ಕೈಗೆ ಸಿಕ್ಕಿತು. ಅದನ್ನು ಸಡಿಲಿಸಿ, ಮೈಕನ್ನು ತನ್ನ ಬಾಯಿಯ ಮಟ್ಟಕ್ಕೆ ಇಳಿಸಿದಳು.

"ಏನ್ ಬರ್ಕೊಂಡ್ರಿ, ಸ್ವಲ್ಪ ಓದಿ," ಎಂದಳು.

ಬೆರಳಚ್ಚಿನ ಹೆಂಗಸು ಅಧಿಕಾರಿಯ ಮುಖ ನೋಡಿ, ಓದತೊಡಗಿದಳು. ಬಸ್ಸಿನ ನಿಲ್ದಾಣಗಳ ಹೆಸರು ಕೂಗುವವಳ ಹಾಗೆ ಏರಿಳಿತವಿಲ್ಲದೆ ಓದಿದಳು. ಗ್ರೋ ಕ್ಯಾಪ್, ಆಗ್ನೆಸ್. ಸೇಂಟ್ ಹೆಲೆನಾ, ಫಿಲೊಮಿನ್. ಲಾ ಬಾರ್ಬ್. ನಡುನೀರು. ಮಗಲ್ಪಿನ್. ಜೋಸೆಟ್ ಒಂದೊಂದು ಹೆಸರಿಗೂ ತಲೆಯಾಡಿಸುತ್ತ, ಕೊನೆಯದರ ತನಕ ನಿಂತೇ ಕೇಳಿದಳು.