ತಂಗಿ ಡಾಕ್ಟರಾದ ಮೇಲೆ

ನಲ್ಲಿಯ ನೀರು ಬಿಸಿಯಾಗುತ್ತಲೇ ಇಲ್ಲ, ಎಷ್ಟು ಹೊತ್ತಿನಿಂದ ಕೈ ತೊಳೆಯುತ್ತಿದ್ದಾಳೆ ಡಾಕ್ಟರಮ್ಮ, ಗ್ಲೌಸು ಬಿಚ್ಚಿ ಬುಟ್ಟಿಗೆ ಹಾಕಿಯಾಯಿತು, ಬೆರಳಿಗೆ ಏನೂ ಅಂಟಿಲ್ಲ, ಆದರೂ ಸೋಪು, ಮತ್ತೆ ಸೋಪು — ತಿರುಗಿದರೆ ಅಕ್ಕನ ಮುಖ ನೋಡಬೇಕಲ್ಲ. ಪರದೆಯ ಆಚೆ ಮೇಜಿನ ಮೇಲೆ ಮಲಗಿದ್ದಾಳೆ ಅಕ್ಕ, ಏನೇ, ಮುಗೀತಾ, ಕಾಲು ಇಳಿಸ್ಲಾ, ಮುಗೀತು ಕಣೇ, ಇಳಿಸು. ಇಪ್ಪತ್ತೆರಡು ವರ್ಷ ಪಳಗಿದ ಬೆರಳು ಇದು, ಸುಳ್ಳು ಹೇಳುವುದಿಲ್ಲ, ಗರ್ಭಕೋಶದ ಬಾಯಿ ಕಲ್ಲಿನ ಹಾಗೆ ಗಟ್ಟಿ, ಮುಟ್ಟಿದರೆ ರಕ್ತ, ಆ ಗಟ್ಟಿ ಅಲ್ಲಿಗೇ ನಿಲ್ಲದೆ ಪಕ್ಕದ ಮೂಳೆಯವರೆಗೂ ಹಬ್ಬಿದೆ, ಚೂರು ತೆಗೆದು ಲ್ಯಾಬಿಗೆ ಕಳಿಸುವುದು ಇದ್ದೇ ಇದೆ, ರಿಪೋರ್ಟು ಬರಲಿ ಎನ್ನಬಹುದು, ರಿಪೋರ್ಟಿಗೆ ಕಾಯುವಂಥದ್ದು ಏನು ಉಳಿದಿದೆ, ಆಪರೇಷನ್ನಿನ ಕಾಲ ದಾಟಿಹೋಗಿದೆ. ಹೊರಗೆ ಬೆಂಚಿನ ಮೇಲೆ ಹನ್ನೊಂದು ಜನ ಹೆಂಗಸರು ಕಾಯುತ್ತಿದ್ದಾರೆ, ಒಬ್ಬೊಬ್ಬರಿಗೂ ಇವಳದು ಅದೇ ಪಾಠ, ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಅವತ್ತೇ ಬನ್ನಿ, ನಾಚಿಕೆ ಗೀಚಿಕೆ ಮನೇಲಿಟ್ಟು ಬನ್ನಿ — ಊರಿಗೆಲ್ಲ ಹೇಳಿದಳು, ಒಡಹುಟ್ಟಿದವಳಿಗೆ ಮಾತ್ರ ಹೇಳಲಿಲ್ಲವೇ?

ಹೇಳಿದಳಪ್ಪಾ. ಹೋದ ವರ್ಷ ಅಕ್ಕ ಫೋನಿನಲ್ಲಿ ದನಿ ತಗ್ಗಿಸಿ, ಬಟ್ಟೆಗೆ ಅಲ್ಲಲ್ಲಿ ಕಲೆ ಆಗ್ತಿದೆ ಕಣೇ, ವಯಸ್ಸಿಗೆ ಹೀಗಾಗುತ್ತಾ, ಬಾ ನೋಡ್ತೀನಿ ಅಂದಳು ಇವಳು, ಅಯ್ಯೋ ನಿನ್ನ ಮುಂದೆ ಕಾಲೆತ್ತಿ ಮಲಗ್ಲಾ, ನಿನ್ನ ಕುಂಡೆ ತೊಳೆದೋಳು ನಾನು ಎಂದು ಅಕ್ಕ ನಕ್ಕಳು, ಇವಳೂ ಬಿದ್ದು ಬಿದ್ದು ನಕ್ಕಳು, ಆಮೇಲೆ ಅಕ್ಕ ತಡವರಿಸುತ್ತಾ, ನಿಮ್ಮನೆ ಹತ್ರ ಇನ್ನೊಬ್ಬ ಲೇಡಿ ಡಾಕ್ಟ್ರು ಇದಾರಂತಲ್ಲ, ಅವರಿಗೆ ತೋರಿಸ್ಲಾ, ಆಗ ಇವಳು, ಇವಳ ಹಾಳು ಬಾಯಿ, ಯಾಕೆ, ನಾನು ಸತ್ತುಹೋಗಿದೀನಾ, ಅಂದಳು. ತಮಾಷೆಗೇ ಅಂದದ್ದು. ತಮಾಷೆಗಾ? ಎಲ್ಲೋ ಒಂದು ಚೂರು ಉರಿದಿತ್ತು, ನನ್ನ ಬಿಟ್ಟು ಅವಳ ಹತ್ತಿರವೇ ಎಂದು, ಅಷ್ಟೇ ಸಾಕಾಯಿತು, ಅಕ್ಕ ಅಲ್ಲಿಗೂ ಹೋಗಲಿಲ್ಲ, ಇಲ್ಲಿಗೂ ಬರಲಿಲ್ಲ, ತಂಗಿಗೆ ಬೇಜಾರಾಗಬಾರದಲ್ಲ, ಹದಿನಾಲ್ಕು ತಿಂಗಳು ಸುಮ್ಮನೆ ಕಲೆ ತೊಳೆದುಕೊಂಡಳು, ಮೊನ್ನೆ ತಲೆ ಸುತ್ತಿ ಬಿದ್ದ ಮೇಲೆ ಈಗ ಬಂದಿದ್ದಾಳೆ. ಇವಳೂ ಕೇಳಲಿಲ್ಲ, ವಾರ ವಾರವೂ ಊಟ ಆಯ್ತಾ, ಏನಡಿಗೆ ಎಂದು ಕೇಳಿದ ಬಾಯಿಗೆ ಅದೊಂದು ನೆನಪಾಗಲಿಲ್ಲ.

ನಲ್ಲಿ ನಿಲ್ಲಿಸಿದಳು. ಯಾವ ಬಾಯಲ್ಲಿ ಹೇಳುವುದು, ದಿನಕ್ಕೊಬ್ಬರಿಗೆ ಹೇಳುವ ಮಾತೇ, ನೀರು ಕುಡಿದಷ್ಟು ಸಲೀಸು, ಪರದೆ ಸರಿಸಿದರೆ ಅಕ್ಕ ಆಗಲೇ ಇಳಿದು ನಿಂತಿದ್ದಾಳೆ, ಮೇಜಿನ ಮೇಲೆ ಹಾಸಿದ್ದ ಬಟ್ಟೆ ಕೈಯಲ್ಲಿದೆ, ಬಿಡೇ ಅಕ್ಕ, ಆಯಾ ತಗೀತಾಳೆ, ಇರೇ, ಗಲೀಜಾಗಿಬಿಟ್ಟಿದೆ, ನೀನು ನೋಡ್ಬೇಡ, ಅಷ್ಟರಲ್ಲಿ ಇವಳ ಕಣ್ಣು ಕಂಡು ಅಕ್ಕ, ನಂಗೆ ಮೊದ್ಲೇ ಗೊತ್ತಿತ್ತು ಬಿಡು, ಅಳಬಾರ್ದು ಚಿನ್ನ — ಹನ್ನೆರಡರ ಹುಡುಗಿ ಇವಳು ಒಂದು ಬೆಳಿಗ್ಗೆ ಎದ್ದು ಹಾಸಿಗೆಯ ಬಟ್ಟೆಯಲ್ಲಿ ಮೊದಲ ಮುಟ್ಟಿನ ಕಲೆ ಕಂಡು ಗಾಬರಿಯಾಗಿ ಅತ್ತಾಗಲೂ, ಅಣ್ಣಂದಿರ ಕಣ್ಣಿಗೆ ಬೀಳದ ಹಾಗೆ, ಹೀಗೇ, ಅಕ್ಕನ ಇದೇ ಕೈ, ಕಲೆ ಒಳಕ್ಕೆ ಹೋಗುವ ಹಾಗೆ ಮಡಚಿ, ಮತ್ತೆ ಮಡಚಿ, ಇನ್ನೊಮ್ಮೆ, ಅಕ್ಕನ ಕೈ, ಕಲೆ ಒಳಗೆ, ಬಟ್ಟೆ ಅಂಗೈಯಷ್ಟಾಗುವವರೆಗೆ ಮಡಚುತ್ತಾ, ಅಕ್ಕನ ಕೈ